ಜೈಲಿನಲ್ಲಿ ಟಿಬಿ: ತಪಾಸಣೆ ಗೇಟಿನಲ್ಲೇ ಶುರುವಾಗಬೇಕು

ಗದಗ, ಹಾವೇರಿ, ಧಾರವಾಡ, ಈ ಮೂರರಲ್ಲಿ ಒಂದು ಜಿಲ್ಲೆಯಲ್ಲಿ ನಾನು ಟಿಬಿ ಕಾರ್ಯಕ್ರಮದ ಚಿಕಿತ್ಸಾ ಮೇಲ್ವಿಚಾರಕ. ಇಲಾಖೆಯಲ್ಲಿ ಎಸ್‌ಟಿಎಸ್ ಅಂತಾರೆ. ಬೈಕ್ ಮೇಲೆ ಊರೂರು ತಿರುಗಿ, ರೋಗಿಗಳು ನಡುವೆ ಮಾತ್ರೆ ಬಿಡದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಕೆಲವು ವರ್ಷಗಳಿಂದ ಒಂದು ಜೈಲೂ ನನ್ನ ಪಾಲಿಗೆ ಬಂದಿದೆ. ಯಾವುದು ಅಂತ ಬರೆಯುವುದಿಲ್ಲ, ಒಳಗಿದ್ದವರ ಗುರುತು ಸಿಗಬಾರದು. ಆದರೆ ಅಲ್ಲಿ ಕಲಿತದ್ದು ಬೇರೆ ಕಡೆ ಕೆಲಸ ಮಾಡುವವರಿಗೂ ಬೇಕಾಗುತ್ತದೆ.

ಮೊದಲು ಅಲ್ಲಿ ವರ್ಷಕ್ಕೊಂದು ಶಿಬಿರ ಆಗುತ್ತಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ "ಕೆಮ್ಮು ಐತೇನು?" ಅಂತ ಕೇಳುವುದು, "ಇಲ್ರಿ" ಅಂದವರನ್ನು ಮುಂದೆ ಕಳಿಸುವುದು. ಜೈಲಿನ ಜನ ಒಂದೇ ಕಡೆ ನಿಂತ ಜನ ಅಲ್ಲ. 2022ರ ಕೊನೆಯ ಲೆಕ್ಕದಂತೆ ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಇವತ್ತು ಬಂದವರು ಹದಿನೈದು ದಿನಕ್ಕೆ ಜಾಮೀನು ಸಿಕ್ಕಿ ಹೋಗುತ್ತಾರೆ. ಶಿಕ್ಷೆಯಾದವರನ್ನು ಎಷ್ಟೋ ಸಲ ಧಾರವಾಡ ಕೇಂದ್ರ ಕಾರಾಗೃಹಕ್ಕೋ ಬೆಳಗಾವಿಯ ಹಿಂಡಲಗಾಕ್ಕೋ ಕಳಿಸುತ್ತಾರೆ. ಶಿಬಿರದ ದಿನ ಯಾರು ಒಳಗಿದ್ದರೋ ಅವರಷ್ಟೇ ನಮ್ಮ ಕಣ್ಣಿಗೆ ಬೀಳುತ್ತಾರೆ. ಮರುದಿನ ಬಂದವನು ಮುಂದಿನ ಶಿಬಿರದವರೆಗೂ ಅದೇ ಬ್ಯಾರಕ್‌ನಲ್ಲಿ ಕೆಮ್ಮುತ್ತಿರಬಹುದು.

ಸಂಜೆ ಬೀಗ ಬಿದ್ದರೆ ಬೆಳಗಿನವರೆಗೆ ಎಲ್ಲರೂ ಅದೇ ಗಾಳಿ ಉಸಿರಾಡಬೇಕು. ಟಿಬಿ ಹರಡಲು ಇದಕ್ಕಿಂತ ಬೇರೇನು ಬೇಕು? ಹೊರಗಿನವರಿಗೆ ಹೋಲಿಸಿದರೆ ಜೈಲಿನಲ್ಲಿರುವವರಿಗೆ ಟಿಬಿ ಬರುವುದು ಸುಮಾರು ಹತ್ತು ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೋರ್ಟು ಅವರಿಗೆ ವಿಧಿಸುವುದು ಬಂಧನ. ಕಾಯಿಲೆ ಆ ಶಿಕ್ಷೆಯ ಭಾಗ ಆಗಬಾರದು ಅಂತ ನಾನು ನಂಬಿದ್ದೇನೆ. ಅಲ್ಲಿನ ವಾರ್ಡರ್‌ಗಳೂ ಅದೇ ಗಾಳಿ ಕುಡಿದು ಮನೆಗೆ ಹೋಗುತ್ತಾರೆ.

ಅದಕ್ಕೆ ನಾವು ತಪಾಸಣೆಯನ್ನು ಗೇಟಿಗೆ ತಂದೆವು. ಹೊಸಬರು ಬಂದಾಗ ಹೇಗೂ ವೈದ್ಯಕೀಯ ತಪಾಸಣೆ ಇರುತ್ತದೆ. ಅದರ ಜೊತೆಗೇ ನಾಲ್ಕು ಪ್ರಶ್ನೆ ಸೇರಿಸಿದೆವು: ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಎಚ್‌ಐವಿ ಇದ್ದವರಿಗೆ ಎರಡು ವಾರ ಕಾಯುವ ಹಾಗಿಲ್ಲ, ಎಷ್ಟೇ ದಿನದ ಕೆಮ್ಮಿದ್ದರೂ ಪರೀಕ್ಷೆ ಮಾಡಿಸಬೇಕು. ಐದನೆಯ ಪ್ರಶ್ನೆಯೊಂದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು: "ಹಿಂದ ಯಾವಾಗರ ಟಿಬಿ ಮಾತ್ರೆ ತಗೊಂಡೀರೇನು?" ಮನೆಯಲ್ಲಿ ಮಾತ್ರೆ ನಡೆಯುತ್ತಿರುವಾಗಲೇ ಪೊಲೀಸರು ಕರೆದುಕೊಂಡು ಬಂದಿರುತ್ತಾರೆ. ಮಾತ್ರೆಯ ಪಟ್ಟಿ ಮನೆಯ ಗೂಡಿನಲ್ಲೇ ಉಳಿದಿರುತ್ತದೆ. ಅಂಥವರ ಹೆಸರು ನಿಕ್ಷಯ್‌ನಲ್ಲಿ, ಅಂದರೆ ಟಿಬಿ ರೋಗಿಗಳ ದಾಖಲೆ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ, ಹುಡುಕಿದರೆ ಎಷ್ಟು ದಿನದ ಔಷಧ ಆಗಿದೆ ಅಂತ ಗೊತ್ತಾಗುತ್ತದೆ. ಆಗ ಡಾಕ್ಟರು ಮುಂದಿನದನ್ನು ತೀರ್ಮಾನಿಸಬಹುದು.

ಮೊದಲ ದಿನ ಸಿಕ್ಕ ಉತ್ತರವನ್ನೇ ನಂಬಿ ಕೂಡುವ ಹಾಗಿಲ್ಲ. ಆ ದಿನ ಮನುಷ್ಯ ಹೆದರಿರುತ್ತಾನೆ, ಎಲ್ಲದಕ್ಕೂ "ಇಲ್ರಿ" ಅಂತಾನೆ. ಆಮೇಲೂ ಹೇಳದಿರಲು ಕಾರಣಗಳಿವೆ. ಟಿಬಿ ಅಂತಾದರೆ ಬೇರೆ ಕೋಣೆಗೆ ಹಾಕುತ್ತಾರೆ, ಅಡುಗೆಮನೆಯ ಕೆಲಸ ಹೋಗುತ್ತದೆ, ಜೊತೆಗಿದ್ದವರು ಮಾತಾಡಿಸುವುದಿಲ್ಲ. "ಬೀಡಿ ಕೆಮ್ಮು ರೀ ಸರ್, ಹತ್ತು ವರ್ಷದಿಂದ ಐತಿ" ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. ಹಾಗಾಗಿ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಕೇಳುತ್ತೇವೆ. ಸಾಲಿನಲ್ಲಿ ನಿಲ್ಲಿಸದೆ ಒಬ್ಬೊಬ್ಬರನ್ನೇ ಕೂಡಿಸಿ, ವಾರ್ಡರ್ ಸ್ವಲ್ಪ ದೂರ ನಿಂತಿರುವಾಗ ಕೇಳುತ್ತೇವೆ. ಅಷ್ಟರಲ್ಲಿ ಅವರಿಗೂ ನಮ್ಮ ಮುಖ ಪರಿಚಯ ಆಗಿರುತ್ತದೆ. ರಾತ್ರಿ ಪಾಳಿಯ ಸಿಬ್ಬಂದಿಗೆ ಬೇರೆಯಾಗಿ ಹೇಳಿದ್ದೇವೆ: ಯಾವ ಬ್ಯಾರಕ್‌ನಿಂದ ಕೆಮ್ಮು ಜಾಸ್ತಿ ಕೇಳುತ್ತದೆ, ನಮಗೆ ತಿಳಿಸಿ.

ಇನ್ನೊಂದು ತೂಕದ ಯಂತ್ರ. ಪ್ರತಿ ತಿಂಗಳು ಎಲ್ಲರ ತೂಕ ಒಂದು ಪುಸ್ತಕದಲ್ಲಿ ಬರೆಯಿರಿ ಅಂತ ಫಾರ್ಮಸಿಸ್ಟ್ ಅಣ್ಣಾರನ್ನು ಕೇಳಿಕೊಂಡೆ. ಬಾಯಿಂದ ಬರದ ಉತ್ತರ ಆ ಪುಸ್ತಕದಲ್ಲಿ ಬರುತ್ತದೆ. ಜೈಲಿಗೆ ಬಂದ ಚಿಂತೆಗೂ ತೂಕ ಇಳಿಯುತ್ತದೆ, ನಿಜ. ಆದರೂ ಇಳಿಯುತ್ತಲೇ ಹೋದರೆ ಎಕ್ಸ್‌ರೇ ತೆಗೆಸಲು ಅಷ್ಟು ಸಾಕು.

ಎಕ್ಸ್‌ರೇ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. 2019–21ರಲ್ಲಿ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ, ಎಕ್ಸ್‌ರೇ ತೆಗೆಯದೇ ಇದ್ದಿದ್ದರೆ ನೂರಕ್ಕೆ 42ಕ್ಕಿಂತ ಹೆಚ್ಚು ರೋಗಿಗಳು ಕೈತಪ್ಪುತ್ತಿದ್ದರು. ಕೆಮ್ಮು ಕೇಳಿ ಹುಡುಕಿದರೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈಗ ಕೈಯಲ್ಲಿ ಹಿಡಿಯುವ ಸಣ್ಣ ಎಕ್ಸ್‌ರೇ ಯಂತ್ರಗಳು ಬಂದಿವೆ. ಅದನ್ನು ಒಳಗೇ ಒಯ್ಯಬಹುದು. ಇಲ್ಲದಿದ್ದರೆ ಒಬ್ಬ ಕೈದಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಪೊಲೀಸ್ ಬೆಂಗಾವಲು ಸಿಗಬೇಕು. ಬಂದೋಬಸ್ತ್ ಇದ್ದ ದಿನ ಅದು ಸಿಗುವುದೇ ಇಲ್ಲ. ಯಂತ್ರ, ಲ್ಯಾಪ್‌ಟಾಪ್, ಕೇಬಲ್ ಎಲ್ಲದರ ಪಟ್ಟಿ ಬರೆದು ಮುಂಚೆಯೇ ಸೂಪರಿಂಟೆಂಡೆಂಟ್ ಸಾಹೇಬರಿಗೆ ಕೊಟ್ಟಿರಬೇಕು. ಗೇಟಿನಲ್ಲಿ ವಾದ ಮಾಡುತ್ತ ನಿಂತರೆ ಅರ್ಧ ದಿನ ಹೋಗುತ್ತದೆ.

ಕಫ ಸಂಗ್ರಹ ಸಣ್ಣ ಕೆಲಸ ಅನ್ನಿಸುತ್ತದೆ, ಆದರೆ ಪರೀಕ್ಷೆ ಕೆಡುವುದು ಇಲ್ಲಿಯೇ. ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆಯಬೇಕು. ಬರೀ ಉಗುಳು ಕೊಟ್ಟರೆ ಉಪಯೋಗವಿಲ್ಲ. ಇದನ್ನು ಬಯಲಲ್ಲೇ ಮಾಡಿಸಬೇಕು, ಬ್ಯಾರಕ್ ಒಳಗೆ ಬೇಡವೇ ಬೇಡ. ಕಫ ಪರೀಕ್ಷಿಸುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರದಲ್ಲಿ ಕೆಲವೇ ಗಂಟೆಗಳಲ್ಲಿ ಟಿಬಿ ಇದೆಯೋ ಇಲ್ಲವೋ, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ನಾಟುತ್ತದೆಯೋ ಇಲ್ಲವೋ ಎರಡೂ ತಿಳಿಯುತ್ತವೆ.

ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ: ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಜೈಲಿನಲ್ಲಿ ಕಣ್ಣೆದುರು ನುಂಗಿಸುವುದು ಊರಿಗಿಂತ ಸುಲಭ. ಎರಡು ಕಡೆ ಮಾತ್ರ ತೊಡಕಾಯಿತು. ಮೂತ್ರ ಕೆಂಪು-ಕೇಸರಿ ಬಣ್ಣಕ್ಕೆ ತಿರುಗಿದಾಗ ರಕ್ತ ಹೋಗುತ್ತಿದೆ ಅಂತ ಹೆದರಿ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದರು. ಅದು ರಿಫಾಂಪಿಸಿನ್ ಬಣ್ಣ, ಹೆದರಬೇಕಿಲ್ಲ ಅಂತ ಮೊದಲ ಮಾತ್ರೆಗೆ ಮುಂಚೆಯೇ ಹೇಳಬೇಕು. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಮಾತ್ರ ತಕ್ಷಣ ತಿಳಿಸಿ ಅಂತಲೂ ಹೇಳಬೇಕು. ಎರಡನೆಯದು ಕೋರ್ಟ್ ತಾರೀಖು. ಬೆಳಗ್ಗೆ ಬೇಗ ವ್ಯಾನ್ ಹೊರಟರೆ ಆ ದಿನದ ಮಾತ್ರೆ ತಪ್ಪುತ್ತದೆ. ಈಗ ಹಿಂದಿನ ಸಂಜೆಯೇ ತಾರೀಖಿನ ಪಟ್ಟಿ ನೋಡಿ, ಹೊರಡುವ ಮುಂಚೆ ಕೊಡುತ್ತಾರೆ.

ಗಾಳಿಯ ವಿಷಯ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ನಮ್ಮ ಸೀಮೆಯಲ್ಲಿದೆ. ಮಳೆಗಾಲದಲ್ಲಿ ಅದೇ ಗಾಳಿಗೆ ಚಳಿ ಅಂತ ಕಿಟಕಿ, ಗವಾಕ್ಷಿಗಳಿಗೆ ಗೋಣಿಚೀಲ ತುರುಕಿರುತ್ತಾರೆ. ಸುಮ್ನೆ ತೆಗೆಯಿರಿ ಅಂದರೆ ಯಾರು ತೆಗೆಯುತ್ತಾರೆ? ಕಂಬಳಿ ಜಾಸ್ತಿ ಕೊಡಿಸಿದ ಮೇಲೆ ಮೇಲಿನ ಗವಾಕ್ಷಿಗಳು ತೆರೆದುಕೊಂಡವು. ಕಫದಲ್ಲಿ ಟಿಬಿ ಸಿಕ್ಕವರನ್ನು ಚಿಕಿತ್ಸೆಯ ಮೊದಲ ಎರಡು ವಾರವಾದರೂ ಕಿಟಕಿ ಇರುವ ಬೇರೆ ಕೋಣೆಯಲ್ಲಿ ಇರಿಸಿ, ಮಾಸ್ಕ್ ಕೊಡುತ್ತೇವೆ. ಅದು ಶಿಕ್ಷೆಯ ಕೋಣೆ ಆಗಬಾರದು. ಹಾಗಾದ ದಿನದಿಂದ ಯಾರೂ ಕೆಮ್ಮು ಹೇಳುವುದಿಲ್ಲ.

ಒಬ್ಬರಿಗೆ ಟಿಬಿ ಸಿಕ್ಕರೆ ಅದೇ ಬ್ಯಾರಕ್‌ನಲ್ಲಿ ಮಲಗುವವರನ್ನು ಮನೆಯವರ ಹಾಗೆ ಲೆಕ್ಕ ಹಿಡಿದು ಎಲ್ಲರನ್ನೂ ಪರೀಕ್ಷಿಸುತ್ತೇವೆ. ರೋಗ ಇಲ್ಲದವರಲ್ಲಿ ಯಾರಿಗೆ ತಡೆ ಚಿಕಿತ್ಸೆ ಬೇಕು ಅಂತ ಡಾಕ್ಟರು ನಿರ್ಧರಿಸುತ್ತಾರೆ. ಒಂದೋ ಆರು ತಿಂಗಳು ದಿನಾ ಐಸೋನಿಯಾಜಿಡ್ ಅನ್ನುವ ಮಾತ್ರೆ, ಇಲ್ಲವೇ ವಾರಕ್ಕೊಮ್ಮೆಯಂತೆ 12 ವಾರ ಎರಡು ಔಷಧ. ಜೈಲಿಗೆ 12 ವಾರದ್ದೇ ಹೊಂದುತ್ತದೆ ಅಂತ ನನಗನ್ನಿಸುತ್ತದೆ, ಬಿಡುಗಡೆಗೆ ಮುಂಚೆ ಮುಗಿಯುವ ಸಾಧ್ಯತೆ ಜಾಸ್ತಿ. ಆದರೆ ಕೊಡುವ ಮೊದಲು ರೋಗ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ರೋಗ ಇದ್ದವರಿಗೆ ತಡೆ ಔಷಧ ಮಾತ್ರ ಕೊಟ್ಟರೆ ಆ ಔಷಧಕ್ಕೆ ಬಗ್ಗದ ಟಿಬಿ ಬೆಳೆಯುತ್ತದೆ.

ಎಲ್ಲಕ್ಕಿಂತ ಕಷ್ಟ ಬಿಡುಗಡೆ. ಜಾಮೀನಿನ ಆದೇಶ ಸಂಜೆ ಬರುತ್ತದೆ, ಮನುಷ್ಯ ಗೇಟು ದಾಟಿ ಬಸ್ ಹತ್ತಿರುತ್ತಾನೆ, ನನಗೆ ಗೊತ್ತಾಗುವುದು ಮೂರು ದಿನದ ಮೇಲೆ. ಕೊಟ್ಟ ವಿಳಾಸದಲ್ಲಿ ಅವನಿರುವುದಿಲ್ಲ. ರಾಣೆಬೆನ್ನೂರಿನ ಅಕ್ಕನ ಮನೆಗೋ ನವಲಗುಂದದ ಗೆಳೆಯನ ಮನೆಗೋ ಹೋಗಿರುತ್ತಾನೆ. ಅದಕ್ಕೆ ಬಿಡುಗಡೆಯ ಪುಸ್ತಕದಲ್ಲಿ ಮಾತ್ರೆ ನಡೆಯುತ್ತಿರುವವರ ನಂಬರಿನ ಮುಂದೆ ಒಂದು ಗುರುತು ಹಾಕಿಸಿದೆವು. ರೋಗದ ಹೆಸರು ಬರೆಯುವುದಿಲ್ಲ. ಗುರುತು ಇದ್ದರೆ ಫಾರ್ಮಸಿಸ್ಟರಿಗೆ ಫೋನ್ ಮಾಡದೆ ಗೇಟು ತೆರೆಯಬೇಡಿ, ಅಷ್ಟೇ ಸೂಚನೆ. ಮಾತ್ರೆ, ನಿಕ್ಷಯ್ ಐಡಿ ಬರೆದ ಚೀಟಿ ಕೈಗೆ ಕೊಡುತ್ತೇವೆ. ನಿಜವಾಗಿ ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿ ಆ ತಾಲ್ಲೂಕಿನ ಎಸ್‌ಟಿಎಸ್‌ಗೆ ಫೋನ್ ಮಾಡಿ, ನಿಕ್ಷಯ್‌ನಲ್ಲಿ ಆ ಕಡೆಗೆ ವರ್ಗಾಯಿಸುತ್ತೇವೆ. ಮನೆಯವರ ಫೋನ್ ನಂಬರನ್ನು ಚಿಕಿತ್ಸೆ ಶುರುವಾದ ದಿನವೇ, ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಂಡಿರುತ್ತೇವೆ.

ನಿಮ್ಮವರು ಯಾರಾದರೂ ಒಳಗಿದ್ದು ಟಿಬಿ ಮಾತ್ರೆ ತಗೊಳ್ಳುತ್ತಿದ್ದರೆ, ಮುಲಾಖತ್‌ಗೆ ಹೋದಾಗ ನಿಕ್ಷಯ್ ಐಡಿ ಕೇಳಿ ಬರೆದುಕೊಳ್ಳಿ. ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ ಪೋಷಣೆಯ ಹಣ ಬ್ಯಾಂಕ್ ಖಾತೆಗೆ ಬರಬೇಕು. 2018ರಲ್ಲಿ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಖಾತೆಯ ವಿವರ ಒಳಗಿದ್ದವರ ಹತ್ತಿರ ಇರುವುದಿಲ್ಲ, ಪಾಸ್‌ಬುಕ್ ನಕಲು ನೀವೇ ತಂದುಕೊಡಿ. ಬಿಡುಗಡೆಯಾಗಿ ಮಾತ್ರೆ ಇಲ್ಲದೆ ಬಂದರೂ ಕಾಯಬೇಡಿ. ಹತ್ತಿರದ ಯಾವುದೇ ಸರ್ಕಾರಿ ಆಸ್ಪತ್ರೆಗೆ ಮರುದಿನವೇ ಹೋಗಿ ಐಡಿ ತೋರಿಸಿ, ಔಷಧ ಉಚಿತ. ದಾರಿ ತಿಳಿಯದಿದ್ದರೆ 1800-11-6666ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.