ಹಳೆಯ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್: ಮೊದಲು ಹಾರ್ಡ್ ಡಿಸ್ಕ್ ಪರೀಕ್ಷಿಸಿ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಬೀರುವಿನಲ್ಲಿ ಮಲಗಿದ್ದ ಲ್ಯಾಪ್‌ಟಾಪನ್ನು ಹೊರತೆಗೆದು ಇದಕ್ಕೆ ಯಾವ ಲಿನಕ್ಸ್ ಹಾಕಬೇಕೆಂದು ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಅವರಿಗೆ ನಾನು ಮರಳಿ ಕೇಳುವುದು, ಅದರ ಹಾರ್ಡ್ ಡಿಸ್ಕ್ ಹೇಗಿದೆ ಎಂದು. ಕೆಲವು ವರ್ಷಗಳ ಹಿಂದೆ ಚಿಕ್ಕಪ್ಪನ ಲ್ಯಾಪ್‌ಟಾಪಿಗೆ ಇಡೀ ಭಾನುವಾರ ಕುಳಿತು ಲಿನಕ್ಸ್ ಅಳವಡಿಸಿ ಕೊಟ್ಟಿದ್ದೆ. ಮೂರೇ ವಾರದಲ್ಲಿ ಡಿಸ್ಕ್ ಕೆಟ್ಟು, ಅವರು ಅದರಲ್ಲಿ ಬರೆದಿಟ್ಟಿದ್ದ ತೋಟದ ಲೆಕ್ಕವೆಲ್ಲ ಹೋಯಿತು. ಅಂದು ನಾನು ಹತ್ತು ನಿಮಿಷ ಕೊಟ್ಟು ಡಿಸ್ಕನ್ನು ಪರೀಕ್ಷಿಸಿದ್ದರೆ ಆ ನಷ್ಟ ತಪ್ಪುತ್ತಿತ್ತು.

ಇಲ್ಲಿ ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರವನ್ನು. ಇಂಥದ್ದಕ್ಕೆ, ಡೆಬಿಯನ್ ಎಂಬ ಲಿನಕ್ಸಿನ ಆಧಾರದ ಮೇಲೆ ಕಟ್ಟಿದ ಆಂಟಿಕ್ಸ್ ನನ್ನ ಆಯ್ಕೆ. ಪೂರ್ಣ ಪ್ರಮಾಣದ ಡೆಸ್ಕ್‌ಟಾಪಿನ ಬದಲು ಐಸ್‌ಡಬ್ಲ್ಯುಎಂ ಎಂಬ ಪುಟ್ಟ ವಿಂಡೋ ಮ್ಯಾನೇಜರನ್ನು ಬಳಸುವುದರಿಂದ ಅದು ರ‍್ಯಾಮಿನ ಬಹುಭಾಗವನ್ನು ನಿಮ್ಮ ಕೆಲಸಕ್ಕೆ ಬಿಟ್ಟುಕೊಡುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯೂ ಸರಾಗವಾಗಿ ನಡೆಯುತ್ತದೆ. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್. ಅದರೊಂದಿಗೆ ಬಂದಿದ್ದ ವಿಂಡೋಸ್ 32 ಬಿಟ್‌ನದ್ದಾಗಿದ್ದರೂ ನೀವು 64 ಬಿಟ್ ಆವೃತ್ತಿಯನ್ನೇ ಹಾಕಬಹುದು. ಹೆಸರಿನಲ್ಲಿ 2 ಇಲ್ಲದ ಕೋರ್ ಡ್ಯುಯೊ ಮತ್ತು ಸಣ್ಣ ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270 ಮಾತ್ರ 32 ಬಿಟ್‌ನವು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲವಾದ್ದರಿಂದ, ಇಂಥ ಯಂತ್ರಗಳಿಗೆ ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಕ್ಸ್ 23ರ 32 ಬಿಟ್ ಆವೃತ್ತಿ ಸೂಕ್ತ.

ಇಡೀ ಲಿನಕ್ಸ್ ಅಡಕವಾಗಿರುವ ಐಎಸ್‌ಒ ಕಡತವನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅದು ಸರಿಯಾಗಿ ಇಳಿದಿದೆಯೇ ಎಂದು ತಿಳಿಯಲು ಅಲ್ಲಿ ಕೊಟ್ಟಿರುವ ಎಸ್‌ಎಚ್‌ಎ-256 ಮೊತ್ತದೊಂದಿಗೆ ಹೋಲಿಸಿ ನೋಡಿ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಕಡತದ ಮೇಲೆ ಬಲ ಕ್ಲಿಕ್ ಮಾಡಿದಾಗ ಬರುವ ಪಟ್ಟಿಯಲ್ಲೇ ಈ ಸೌಲಭ್ಯ ಸಿಗುತ್ತದೆ. ಬಳಿಕ ರೂಫಸ್ ಎಂಬ ತಂತ್ರಾಂಶದಿಂದ ಐಎಸ್‌ಒ ಕಡತವನ್ನು 8 ಜಿಬಿ ಪೆನ್ ಡ್ರೈವಿಗೆ ಬರೆಯಿರಿ. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9 ಒತ್ತಿದರೆ, ಯಾವ ಡ್ರೈವಿನಿಂದ ಶುರುವಾಗಬೇಕೆಂದು ಆರಿಸುವ ಬೂಟ್ ಮೆನು ತೆರೆದುಕೊಳ್ಳುತ್ತದೆ. ಏಸರ್‌ನ ಹಲವು ಮಾದರಿಗಳಲ್ಲಿ ಈ ಮೆನುವನ್ನು ಮೊದಲು ಬಯಾಸ್‌ನಲ್ಲಿ, ಅಂದರೆ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಸಕ್ರಿಯಗೊಳಿಸಬೇಕು.

ಪೆನ್ ಡ್ರೈವಿನಿಂದ ಶುರುವಾದ ಲಿನಕ್ಸ್ ಡಿಸ್ಕನ್ನು ಮುಟ್ಟದೆ ರ‍್ಯಾಮಿನಲ್ಲೇ ನಡೆಯುತ್ತಿರುತ್ತದೆ. ಇನ್‌ಸ್ಟಾಲ್ ಗುಂಡಿಯನ್ನು ಒತ್ತುವ ಆತುರ ಬೇಡ. ವೈಫೈ, ಧ್ವನಿ, ಟಚ್‌ಪ್ಯಾಡ್ ಕೆಲಸ ಮಾಡುತ್ತಿವೆಯೇ ನೋಡಿ. ಹಳೆಯ ಬ್ರಾಡ್‌ಕಾಮ್ ವೈಫೈ ಕಾರ್ಡುಗಳು ಒಮ್ಮೊಮ್ಮೆ ಹಠ ಮಾಡುತ್ತವೆ, ಆಗ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಇಂಟರ್ನೆಟ್ ಪಡೆಯಬಹುದು. ಗಡಿಯಾರ ಹಲವು ವರ್ಷ ಹಿಂದಿನ ದಿನಾಂಕ ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿದೆ ಎಂದರ್ಥ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ, ತಂತ್ರಾಂಶದ ಅಪ್‌ಡೇಟ್ ಕೂಡ ತಕರಾರು ಮಾಡುತ್ತದೆ. ಆದ್ದರಿಂದ ಅದನ್ನು ಮೊದಲು ಸರಿಪಡಿಸಿ.

ಈಗ ಡಿಸ್ಕಿನ ಪರೀಕ್ಷೆ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಸ್ಮಾರ್ಟ್ ಮಾಹಿತಿ ಎನ್ನುತ್ತಾರೆ. ಅದನ್ನು ಓದಲು, ತಂತ್ರಾಂಶಗಳನ್ನು ಅಳವಡಿಸುವ ಸಿನಾಪ್ಟಿಕ್ ಮೂಲಕ ಜಿಸ್ಮಾರ್ಟ್‌ಕಂಟ್ರೋಲ್ ಹಾಕಿಕೊಳ್ಳಿ. ಅದು ತೋರಿಸುವ ಉದ್ದನೆಯ ಪಟ್ಟಿಯಲ್ಲಿ ಎರಡು ಸಾಲುಗಳು ಮುಖ್ಯ. ರೀಅಲೊಕೇಟೆಡ್ ಸೆಕ್ಟರ್ ಎಂಬುದು, ಕೆಟ್ಟುಹೋದ ಎಷ್ಟು ಜಾಗಗಳನ್ನು ಕೈಬಿಟ್ಟು ಡಿಸ್ಕ್ ತನ್ನ ಮೀಸಲು ಜಾಗವನ್ನು ಬಳಸಿಕೊಂಡಿದೆ ಎಂಬುದನ್ನು ಹೇಳುತ್ತದೆ. ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬುದು, ಓದಲು ಬಾರದೆ ಇನ್ನೂ ತೀರ್ಮಾನವಾಗದೆ ಉಳಿದಿರುವ ಜಾಗಗಳ ಲೆಕ್ಕ. ಎರಡರ ರಾ ಮೌಲ್ಯವೂ, ಅಂದರೆ ನೇರ ಎಣಿಕೆಯೂ, ಸೊನ್ನೆಯಿದ್ದರೆ ಮುಂದುವರಿಯಿರಿ. ಮೊದಲನೆಯದು ಕೆಲವೇ ಅಂಕಿಗಳಲ್ಲಿದ್ದು ಹಾಗೆಯೇ ನಿಂತಿದ್ದರೆ ಎಚ್ಚರಿಕೆಯಿಂದ ಬಳಸಬಹುದು, ಆದರೆ ಎರಡನೆಯದು ಸೊನ್ನೆಗಿಂತ ಹೆಚ್ಚಿದ್ದರೆ ನಾನಂತೂ ಆ ಡಿಸ್ಕಿಗೆ ಯಾವ ವ್ಯವಸ್ಥೆಯನ್ನೂ ಹಾಕುವುದಿಲ್ಲ. 2.5 ಇಂಚಿನ ಸಾಟಾ ಡಿಸ್ಕ್ ಇರುವ ಲ್ಯಾಪ್‌ಟಾಪಾದರೆ ಅದೇ ಜಾಗದಲ್ಲಿ ಸಣ್ಣ ಎಸ್‌ಎಸ್‌ಡಿಯೊಂದು ಕೂರುತ್ತದೆ, ಮತ್ತು ಹಳೆಯ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಡಿಸ್ಕ್ ಚೆನ್ನಾಗಿದ್ದರೂ ಅದರಲ್ಲಿರುವ ಫೋಟೊ, ದಾಖಲೆ, ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್‌ಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಆ ನಕಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ಅಳವಡಿಸುವಾಗ ಚಾರ್ಜರ್ ಜೋಡಿಸಿಯೇ ಇರಲಿ. ಹಳೆಯ ಬ್ಯಾಟರಿ ಸಾಮಾನ್ಯವಾಗಿ ಐದು ನಿಮಿಷವೂ ತಡೆಯುವುದಿಲ್ಲವಾದ್ದರಿಂದ, ಕರೆಂಟ್ ಹೋಗಿಬರುವ ಊರಿನಲ್ಲಿ ಯುಪಿಎಸ್ ಸಂಪರ್ಕವಿರುವ ಪ್ಲಗ್ಗನ್ನೇ ಬಳಸಿ. ಇನ್‌ಸ್ಟಾಲರ್ ಯಾವ ಡಿಸ್ಕಿಗೆ ಬರೆಯಬೇಕೆಂದು ಕೇಳಿದಾಗ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬದೆ ಗಾತ್ರ ನೋಡಿ ಗುರುತಿಸಿ, ಏಕೆಂದರೆ ಆ ಹೆಸರುಗಳು ಒಂದು ಸಲ ಹಾರ್ಡ್ ಡಿಸ್ಕಿಗೆ, ಇನ್ನೊಂದು ಸಲ ಪೆನ್ ಡ್ರೈವಿಗೆ ಬರಬಹುದು. ಇಡೀ ಡಿಸ್ಕ್ ಲಿನಕ್ಸಿಗೇ ಮೀಸಲಾದರೆ ಸ್ವಯಂಚಾಲಿತ ಆಯ್ಕೆಯೇ ಸಾಕು. ಪಾರ್ಟಿಷನ್‌ಗಳನ್ನು (ಡಿಸ್ಕಿನ ಭಾಗಗಳನ್ನು) ನೀವೇ ಮಾಡುವುದಾದರೆ, ಡಿಸ್ಕಿನ ಆರಂಭದಲ್ಲಿ ವ್ಯವಸ್ಥೆಗೆಂದು 30 ಜಿಬಿ ರೂಟ್, ನಂತರ ರ‍್ಯಾಮ್ ಸಾಲದಾದಾಗ ಬಳಕೆಯಾಗುವ 4 ಜಿಬಿ ಸ್ವಾಪ್, ಉಳಿದದ್ದು ನಿಮ್ಮ ಕಡತಗಳಿಗೆ ಹೋಮ್ ಎಂದು ಇಟ್ಟುಕೊಳ್ಳಿ. ರೂಟ್ ಮತ್ತು ಹೋಮ್ ಎರಡಕ್ಕೂ ಎಕ್ಸ್‌ಟ್4 ಎಂಬ ಕಡತ ವ್ಯವಸ್ಥೆ ಇರಲಿ. ಈ ಕ್ರಮಕ್ಕೆ ಕಾರಣವಿದೆ: ತಿರುಗುವ ಡಿಸ್ಕಿನ ಆರಂಭದ ಭಾಗವು ತಟ್ಟೆಯ ಹೊರ ಅಂಚಿನಲ್ಲಿರುತ್ತದೆ, ಮತ್ತು ಅಲ್ಲಿ ಒಂದು ಸುತ್ತಿಗೆ ಓದುವ ದತ್ತಾಂಶ ಒಳಭಾಗಕ್ಕಿಂತ ಹೆಚ್ಚು. ಹೋಮ್ ಬೇರೆ ಇದ್ದರೆ ಮುಂದೆ ವ್ಯವಸ್ಥೆಯನ್ನು ಬದಲಿಸುವಾಗ ನಿಮ್ಮ ಕಡತಗಳನ್ನು ಮುಟ್ಟಬೇಕಾಗಿಲ್ಲ. ಲಿನಕ್ಸನ್ನು ಶುರುಮಾಡಿಸುವ ಗ್ರಬ್ ಬೂಟ್‌ಲೋಡರನ್ನು ಇದೇ ಹಾರ್ಡ್ ಡಿಸ್ಕಿಗೆ ಹಾಕಿಸಿ. ತಪ್ಪಿ ಪೆನ್ ಡ್ರೈವಿಗೆ ಹಾಕಿದರೆ ಅದನ್ನು ತೆಗೆದ ಮೇಲೆ ಲ್ಯಾಪ್‌ಟಾಪ್ ಬೂಟ್ ಆಗುವುದಿಲ್ಲ. ಕೀಬೋರ್ಡ್ ವಿನ್ಯಾಸ ಸದ್ಯಕ್ಕೆ ಇಂಗ್ಲಿಷ್ ಆಗಿರಲಿ, ಇಲ್ಲವಾದರೆ ಪಾಸ್‌ವರ್ಡ್ ಟೈಪಿಸುವಾಗ ತೊಂದರೆಯಾಗುತ್ತದೆ.

ಮೊದಲ ಬೂಟ್ ಆದ ಕೂಡಲೇ ಅಪ್‌ಡೇಟ್ ಮಾಡಿ. ಕನ್ನಡಕ್ಕೆಂದು ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಮತ್ತು ಲೋಹಿತ್ ಕನ್ನಡ ಫಾಂಟ್‌ಗಳಿವೆ. ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಭಾರತದ ಅಡಿಯಲ್ಲಿ ಕಗಪ ಕೂಡ ಇರುವುದರಿಂದ, ಕನ್ನಡ ಗಣಕ ಪರಿಷತ್ತಿನ ಆ ವಿನ್ಯಾಸಕ್ಕೆ ಕೈ ಪಳಗಿದವರು ಬೇರೆ ತಂತ್ರಾಂಶವಿಲ್ಲದೆ ಬರೆಯಬಹುದು. 2 ಜಿಬಿ ರ‍್ಯಾಮಿನಲ್ಲಿ ನಿಜವಾದ ಭಾರ ಬ್ರೌಸರಿನದು. ಒಮ್ಮೆಗೆ ಮೂರು ನಾಲ್ಕು ಟ್ಯಾಬ್‌ಗಳಿಗಿಂತ ಹೆಚ್ಚು ತೆರೆಯಬೇಡಿ. ಪರೀಕ್ಷೆಯಲ್ಲಿ ಕಂಡ ಆ ಎರಡು ಸಂಖ್ಯೆಗಳನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ತಳಕ್ಕೆ ಅಂಟಿಸಿ, ಗಾಳಿಯ ಕಿಂಡಿಗೆ ಅಡ್ಡ ಬಾರದಂತೆ. ತಿಂಗಳಿಗೊಮ್ಮೆ ಮತ್ತೆ ಓದಿ, ಸಂಖ್ಯೆ ಏರಿದ್ದು ಕಂಡ ದಿನವೇ ಹೊಸ ಡಿಸ್ಕ್ ತನ್ನಿ.