ಬಾಸ್ಟನ್‌ಗೆ ಹೊಸದಾಗಿ ಬಂದವರಿಗೆ: ಅಕ್ಟೋಬರ್‌ನ ಏಳು ಆಟಗಳ ಸರಣಿ

ಅಕ್ಟೋಬರ್ ನಡುವೆ ಒಂದು ಬೆಳಿಗ್ಗೆ ಆಫೀಸಿನಲ್ಲಿ ಯಾರೋ ನಿದ್ದೆಗೆಟ್ಟ ಕಣ್ಣಲ್ಲಿ ಬಂದು "ನಿನ್ನೆ ನೋಡಿದ್ಯಾ?" ಅಂತ ಕೇಳುತ್ತಾರೆ. ಅದು ಬೇಸ್‌ಬಾಲ್ ಮಾತು. ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್‌ಗೆ ಬಂದ ಹೊಸದರಲ್ಲಿ ನಾನು ಸುಮ್ನೆ ತಲೆಯಾಡಿಸಿ ಜಾರಿಕೊಳ್ಳುತ್ತಿದ್ದೆ. ನೀವು ಹಾಗೆ ಮಾಡಬೇಡಿ. ಸ್ವಲ್ಪ ತಿಳಿದುಕೊಂಡು ಕೂತರೆ ಸಾಕು.

ಇಲ್ಲಿನ ದೊಡ್ಡ ಪಂದ್ಯಾವಳಿಯಾದ ಮೇಜರ್ ಲೀಗಿನಲ್ಲಿ ಅಮೆರಿಕನ್, ನ್ಯಾಷನಲ್ ಅಂತ ಎರಡು ಲೀಗ್. ಒಂದೊಂದು ತಂಡವೂ 162 ಆಟ ಆಡಿದ ಮೇಲೆ, ಲೀಗಿಗೆ ಆರರಂತೆ ತಂಡಗಳು ಪ್ಲೇಆಫ್‌ಗೆ, ಅಂದ್ರೆ ನಾಕೌಟ್ ಹಂತಕ್ಕೆ ಬರುತ್ತವೆ. ಕೊನೆಗೆ ಪ್ರತಿ ಲೀಗಿನಲ್ಲಿ ಎರಡು ಉಳಿಯುತ್ತವೆ. ಆ ಎರಡರ ನಡುವಿನದ್ದೇ ಲೀಗ್ ಚಾಂಪಿಯನ್‌ಶಿಪ್ ಸರಣಿ. ಏಳರಲ್ಲಿ ನಾಲ್ಕು ಮೊದಲು ಗೆದ್ದವರು ವರ್ಲ್ಡ್ ಸೀರೀಸ್‌ಗೆ, ಅಂದ್ರೆ ಎರಡೂ ಲೀಗ್ ಗೆದ್ದವರ ನಡುವಿನ ಫೈನಲ್‌ಗೆ. ಮೊದಲ ಎರಡು ಆಟ ಒಂದು ಊರಲ್ಲಿ, ಮುಂದಿನ ಮೂರು ಇನ್ನೊಂದರಲ್ಲಿ, ಇನ್ನೂ ಬೇಕಾದರೆ ಮತ್ತೆ ಮೊದಲ ಊರಲ್ಲಿ.

ಕ್ರಿಕೆಟ್ ಕಣ್ಣಲ್ಲಿ ನೋಡಿದರೆ ಬೇಸರವಾಗುತ್ತದೆ, ಯಾಕಂದ್ರೆ ಇಲ್ಲಿ ಔಟಾಗುವುದೇ ಜಾಸ್ತಿ. ಹತ್ತರಲ್ಲಿ ಮೂರು ಸಲ ಸರಿಯಾಗಿ ಹೊಡೆದವನೇ ದೊಡ್ಡ ಬ್ಯಾಟರ್. ಹಾಗಾಗಿ ಚೆಂಡು ಎಸೆಯುವ ಪಿಚರ್‌ನ ಮೇಲೆ ಕಣ್ಣಿಡಿ. ಆಟ ಶುರು ಮಾಡುವ ಪಿಚರ್‌ಗೆ ಆಮೇಲೆ ಸಾಮಾನ್ಯವಾಗಿ ನಾಲ್ಕು ದಿನ ವಿಶ್ರಾಂತಿ ಬೇಕು. ಅವನು ಬೇಗ ಸೋತು ಹೊರಗೆ ಹೋದರೆ ಉಳಿದವರ ತೋಳುಗಳು ದಣಿಯುತ್ತವೆ. ಇವತ್ತಿನ ದಣಿವಿಗೆ ನಾಳೆ ಬೆಲೆ ತೆರಬೇಕು. ನನ್ನ ಮಟ್ಟಿಗೆ ಸರಣಿಯ ಜೀವ ಇರುವುದೇ ಇಲ್ಲಿ.

ನನಗೆ ಇದು ಅರ್ಥವಾದದ್ದು 2004ರಲ್ಲಿ. ಅಮೆರಿಕನ್ ಲೀಗಿನ ಈ ಸರಣಿಯಲ್ಲಿ ಬಾಸ್ಟನ್ನಿನ ರೆಡ್ ಸಾಕ್ಸ್ ನ್ಯೂಯಾರ್ಕಿನ ಯಾಂಕೀಸ್ ಎದುರು ಮೊದಲ ಮೂರೂ ಆಟ ಸೋತಿತ್ತು, ಮೂರನೆಯದನ್ನು ನಮ್ಮದೇ ಮೈದಾನ ಫೆನ್ವೇ ಪಾರ್ಕಿನಲ್ಲೇ 19-8ರಲ್ಲಿ. ನಾಲ್ಕನೇ ಆಟದ ರಾತ್ರಿ ಪಕ್ಕದ ಮನೆ ಅಜ್ಜಿ ಕರೆದರು. ಚಕ್ಕುಲಿ ಡಬ್ಬಿ ಹಿಡಿದು ಹೋದೆ. ಒಂಬತ್ತನೇ, ಅಂದ್ರೆ ಸಾಮಾನ್ಯವಾಗಿ ಕೊನೆಯ ಇನ್ನಿಂಗ್ಸ್, ಯಾಂಕೀಸ್ ಒಂದು ರನ್ ಮುಂದೆ, ಚೆಂಡು ಅವರ ಪಿಚರ್ ಮರಿಯಾನೋ ರಿವೇರಾ ಕೈಯಲ್ಲಿ. ನಮ್ಮ ಕೆವಿನ್ ಮಿಲಾರ್ ಗುರಿ ತಪ್ಪಿ ಬಂದ ನಾಲ್ಕು ಚೆಂಡು ಬಿಟ್ಟು, ಹೊಡೆಯದೆಯೇ ಮೊದಲ ಬೇಸಿಗೆ ನಡೆದ (ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್). ಅವನ ಬದಲಿಗೆ ಓಡಲು ಡೇವ್ ರಾಬರ್ಟ್ಸ್ ಬಂದ. ರಿವೇರಾ ಮೂರು ಸಲ ಮೊದಲ ಬೇಸಿಗೆ ಚೆಂಡು ಎಸೆದು ಅವನನ್ನು ಹಿಂದಕ್ಕೆ ಅಟ್ಟಿದ. ಅಜ್ಜಿ ಮಾತು ನಿಲ್ಲಿಸಿದರು. ಆಮೇಲೆ ಬ್ಯಾಟರ್‌ಗೆ ಎಸೆದ ಮೊದಲ ಚೆಂಡಿಗೇ ರಾಬರ್ಟ್ಸ್ ಓಡಿಬಿಟ್ಟ, ಎರಡನೇ ಬೇಸ್ ಕದ್ದ, ಅಂದ್ರೆ ಯಾರೂ ಹೊಡೆಯದೆಯೇ ಅಲ್ಲಿ ತಲುಪಿದ. ಬಿಲ್ ಮ್ಯೂಲರ್ ಹೊಡೆದ, ರಾಬರ್ಟ್ಸ್ ರನ್ ಮುಗಿಸಿದ, ಸಮ! ಅಜ್ಜಿಯ ಮುಷ್ಟಿಯಲ್ಲಿದ್ದ ಚಕ್ಕುಲಿ ಪುಡಿಪುಡಿಯಾಗಿತ್ತು. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಡೇವಿಡ್ ಆರ್ಟಿಜ್ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು ಮುಗಿಸಿದಾಗ ರಾತ್ರಿ ಒಂದು ದಾಟಿತ್ತು. ಎಂಟನೇ ಇನ್ನಿಂಗ್ಸ್‌ಗೇ ಬಂದು ದುಡಿದಿದ್ದ ರಿವೇರಾ, ಮಾರನೇ ದಿನ ಮತ್ತೆ ಬರಬೇಕಾಯಿತು. ಆ ಆಟವೂ ನಮ್ಮದೇ, 14 ಇನ್ನಿಂಗ್ಸ್ ಎಳೆದಾಡಿ. ಕೊನೆಗೆ ನ್ಯೂಯಾರ್ಕಿನಲ್ಲಿ ಏಳನೆಯದು 10-3. ಏಳು ಆಟಗಳ ಸರಣಿಯಲ್ಲಿ ಮೊದಲ ಮೂರೂ ಸೋತು ಮುಂದಿನ ನಾಲ್ಕೂ ಗೆದ್ದ ತಂಡ ಮೇಜರ್ ಲೀಗಿನಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಮುಂದೆ ವರ್ಲ್ಡ್ ಸೀರೀಸ್ ಕೂಡ ಬಂತು, 1918ರ ನಂತರ ಮೊದಲ ಸಲ. ಈ ಊರಿನ ಹಿರಿಯರು ಆ ರಾತ್ರಿಗಳ ಬಗ್ಗೆ ಮಾತು ತೆಗೆದರೆ ಅವಸರ ಮಾಡದೆ ಕೇಳಿ.

ಫೆನ್ವೇಗೆ ಹೋಗುವುದಾದರೆ ಕಾರು ಬೇಡ. ಶ್ರೂಸ್‌ಬರಿ, ಫ್ರೇಮಿಂಗ್‌ಹ್ಯಾಮ್ ಕಡೆಯವರಿಗೆ ವುಸ್ಟರ್ ಲೈನ್ ರೈಲಿದೆ, ಲ್ಯಾನ್ಸ್‌ಡೌನ್‌ನಲ್ಲಿ ಇಳಿದರೆ ನಡೆಯುವಷ್ಟೇ ದೂರ. ಸಬ್‌ವೇಯ ಗ್ರೀನ್ ಲೈನಿನವರು ಕೆನ್ಮೋರ್‌ನಲ್ಲಿ ಇಳಿಯಿರಿ. ಹಿಂದಿರುಗುವ ಕೊನೇ ರೈಲಿನ ಹೊತ್ತು ಮೊದಲೇ ನೋಡಿಕೊಳ್ಳಿ, ಇಲ್ಲಿ ಡ್ರಾ ಇಲ್ಲ, ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೋ ಹೇಳಕ್ಕಾಗಲ್ಲ. ಕೆಲವು ಸೀಟುಗಳ ಮುಂದೆ ಕಂಬ ಅಡ್ಡ ಬರುತ್ತದೆ, ಟಿಕೆಟ್ ಕೊಳ್ಳುವಾಗ ಗಮನಿಸಿ. ದಪ್ಪ ಜಾಕೆಟ್ ಮರೆಯಬೇಡಿ, ರಾತ್ರಿಯ ಚಳಿ ಮೂಳೆಗೆ ಇಳಿಯುತ್ತದೆ.

ಟಿಕೆಟ್ ದುಬಾರಿ ಅನಿಸಿದರೆ ಮನೆಯಲ್ಲೇ ನೋಡಿ. ನವರಾತ್ರಿಯೂ ಎಷ್ಟೋ ವರ್ಷ ಇದೇ ಹೊತ್ತಿಗೆ ಬರುತ್ತದೆ. ಗೊಂಬೆ ಕೂರಿಸಿದ್ದರೆ ಪಕ್ಕದ ಮನೆಯವರನ್ನು ಆರು ಗಂಟೆಗೆ ಕರೆಯಿರಿ, ಆರತಿ, ಚರ್ಪು ಮುಗಿದ ಮೇಲೆ ಎಂಟಕ್ಕೆ ಟಿವಿ ಹಾಕಿ.