ನೆರವು ವರದಿಯ ಸಾಲುಗಳು ತಿರಸ್ಕೃತವಾಗುತ್ತಿದ್ದುದಕ್ಕೆ ಸಿಕ್ಕ ಪರಿಹಾರ

ರಾಜ್ಯದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು ಸಲ್ಲಿಸಬೇಕಾದ ಫಲಾನುಭವಿಗಳ ವರದಿಯನ್ನು ಅಪ್‌ಲೋಡ್ ಮಾಡಿದಾಗಲೆಲ್ಲ, ಮೂಲ ದಾಖಲೆಯಲ್ಲಿ ಸರಿಯಾಗಿಯೇ ಇದ್ದ ಕೆಲವು ಸಾಲುಗಳು ಗುರುತಿನ ಸಂಖ್ಯೆ ತಾಳೆಯಾಗುತ್ತಿಲ್ಲವೆಂದು ತಿರಸ್ಕೃತವಾಗುತ್ತಿದ್ದವು. ಬ್ರೌಸರ್ ಬದಲಿಸಿದರೂ, ಕಡತವನ್ನು ಭಾಗ ಮಾಡಿ ಕಳುಹಿಸಿದರೂ ಪ್ರಯೋಜನವಾಗಲಿಲ್ಲ.

ಕಾರಣ ಇದ್ದದ್ದು ಎಕ್ಸೆಲ್‌ನಲ್ಲಿ: ವರದಿಯ ಸಿಎಸ್‌ವಿ ಕಡತವನ್ನು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ) ನೇರವಾಗಿ ತೆರೆದರೆ ಅದು 00417 ಎಂಬ ಗುರುತಿನ ಸಂಖ್ಯೆಯನ್ನು 417 ಮಾಡುತ್ತದೆ. 15 ಅಂಕಿಗಳನ್ನು ಮೀರಿದ ಸಂಖ್ಯೆಯಲ್ಲಿ 16ನೆಯ ಅಂಕಿಯಿಂದ ಮುಂದಿನವನ್ನು ಸೊನ್ನೆಯಾಗಿಸುತ್ತದೆ. ಆದ್ದರಿಂದ ಖಾಲಿ ವರ್ಕ್‌ಬುಕ್ ತೆರೆದು, ‘ಡೇಟಾ’ ಮೆನುವಿನಲ್ಲಿ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ ಆರಿಸಿ, ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿ, ಗುರುತಿನ ಸಂಖ್ಯೆಯ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಬೇಕು. ಆಗ ಬರುವ ಪ್ರಶ್ನೆಗೆ ‘ರಿಪ್ಲೇಸ್ ಕರೆಂಟ್’ ಎಂದೇ ಉತ್ತರಿಸಬೇಕು. ‘ಆ್ಯಡ್ ನ್ಯೂ ಸ್ಟೆಪ್’ ಒತ್ತಿದರೆ ಅಳಿದ ಸೊನ್ನೆಗಳು ಮರಳುವುದಿಲ್ಲ. ‘ಕ್ಲೋಸ್ & ಲೋಡ್’ ಒತ್ತಿ, ಸಿಎಸ್‌ವಿಯಾಗಿ ಉಳಿಸಿದ ಬಳಿಕ ಎಕ್ಸೆಲ್‌ನಲ್ಲಿ ಮತ್ತೆ ತೆರೆಯದೆ, ನೋಟ್‌ಪ್ಯಾಡ್‌ನಲ್ಲಿ ಪರಿಶೀಲಿಸಿ ಅಪ್‌ಲೋಡ್ ಮಾಡಬೇಕು. ಹೀಗೆ ಮಾಡಿದ ಮೇಲೆ ಎಲ್ಲ ಸಾಲುಗಳೂ ಅಂಗೀಕೃತವಾದವು.